ಒಗ್ಗರಣೆ ಸೇರದ ದಿನಗಳು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆಗೆ ಮಾತ್ರ ಯಾವತ್ತೂ ಬರವಿಲ್ಲ. ‘ಮಗಳಿಗೆ ಈಗ ಎರಡು ತಿಂಗಳು. ಏನು ತಿಂದರೂ ವಾಂತಿ. ಏನು ಕೊಟ್ಟರೆ ನಿಲ್ಲುತ್ತದೆ?’ ಮಗಳ ಜಾಗದಲ್ಲಿ ಕೆಲವು ಸಲ ಸೊಸೆ ಇರುತ್ತಾಳೆ. ಈಚೆಗೆ ಹೆಂಡತಿಯೂ ಇರುತ್ತಾಳೆ, ಅಂದರೆ ಗಂಡಂದಿರೂ ಬರೆಯತೊಡಗಿದ್ದಾರೆ, ಸಂತೋಷ. ಬರೆಯದೆ ಇರುವವಳು ಆ ಹುಡುಗಿ ಒಬ್ಬಳೇ. ಊಟ ತಿಂಡಿಯ ಮಾತು ಕಿವಿಗೆ ಬಿದ್ದರೇ ಹೊಟ್ಟೆ ತೊಳಸುವಾಗ ಅದರ ಬಗ್ಗೆ ಕಾಗದ ಬರೆಯಲು ಅವಳಿಗೇನು ಹುಚ್ಚೇ?

ಆಸ್ಪತ್ರೆಯಲ್ಲಿ ಪಥ್ಯದ ಚೀಟಿ ಬರೆದುಕೊಡುವ ಕೆಲಸದಿಂದ ನಿವೃತ್ತಳಾಗಿ ಬೆಂಗಳೂರಿನ ವೈಯಾಲಿಕಾವಲ್‌ನ ಮನೆಯಲ್ಲಿ ಕೂತಿದ್ದರೂ ನನಗೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಟಿಟಿಡಿ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ಯಾರೋ ಸೆರಗು ಹಿಡಿದು ನಿಲ್ಲಿಸುತ್ತಾರೆ. ಕೇಳುವವರಿಗೆಲ್ಲ ಬೇಕಾಗಿರುವುದು ಒಂದು ಪದಾರ್ಥದ ಹೆಸರು. ಶುಂಠಿ ಅಂದರೆ ಶುಂಠಿ, ನೆಲ್ಲಿಕಾಯಿ ಅಂದರೆ ನೆಲ್ಲಿಕಾಯಿ. ಹೇಳಿದರೆ ಅಲ್ಲಿಂದಲೇ ಮಲ್ಲೇಶ್ವರ ಎಂಟನೇ ಕ್ರಾಸಿನ ಅಂಗಡಿಗಳಿಗೆ ಹೊರಟಾರು. ನಾನು ಹೆಸರು ಹೇಳುವ ಮೊದಲು ಬೇರೆಯದೇ ಕೇಳುತ್ತೇನೆ. ಅವಳ ಹೊಟ್ಟೆ ಎಷ್ಟು ಹೊತ್ತು ಖಾಲಿ ಇರುತ್ತದೆ? ಅಡುಗೆ ಯಾರು ಮಾಡುತ್ತಾರೆ? ತಟ್ಟೆಗೆ ಬಡಿಸುವಾಗ ಎಷ್ಟು ಬಿಸಿ ಇರುತ್ತದೆ? ಬಸಿರಿನ ಮೊದಲ ಮೂರು ತಿಂಗಳ ವಾಕರಿಕೆಯಲ್ಲಿ ಏನು ತಿಂದಳು ಎನ್ನುವುದಕ್ಕಿಂತ ಈ ಮೂರರ ಪಾಲೇ ದೊಡ್ಡದು ಅಂತ ನನ್ನ ಅನುಭವ.

ನಮ್ಮ ಬೀದಿಯ ಒಂದು ಮನೆಯನ್ನೇ ತೆಗೆದುಕೊಳ್ಳಿ. ಹಳೆಯ ಸೈಟು, ಈಗ ಮೂರು ಮಹಡಿ. ಕೆಳಗೆ ಅತ್ತೆ ಮಾವ, ಮೇಲೆ ಮಗ ಸೊಸೆ. ಕೆಳಗಿನ ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೆ ಇಂಗಿನ ವಾಸನೆ ಮೆಟ್ಟಿಲ ಸಂದಿಯಲ್ಲಿ ಏರಿ ನೇರವಾಗಿ ಮೇಲಿನ ಮಲಗುವ ಕೋಣೆಗೆ ಹೋಗುತ್ತದೆ. ‘ಒಗ್ಗರಣೆ ಸದ್ದು ಕೇಳಿದ್ರೇ ಸಾಕು ಆಂಟಿ, ಬಾತ್‌ರೂಮಿಗೆ ಓಡ್ತೀನಿ’ ಅಂದಳು ಆ ಸೊಸೆ. ಅತ್ತೆಗೋ ಬೇರೆ ಸಂಕಟ: ‘ಅವಳಿಗೆ ಅಂತಲೇ ಬಿಸಿಬಿಸಿ ಮೆಣಸಿನ ಸಾರು ಮಾಡಿದ್ದೆ ಕಣ್ರೀ, ಮೂಸಿ ನೋಡಿ ಇಟ್ಟುಬಿಟ್ಟಳು.’ ಸಾರಿನಲ್ಲಿ ತಪ್ಪಿರಲಿಲ್ಲ. ಅದು ಬಿಸಿ ಇತ್ತು, ಹೊಗೆಯಾಡುತ್ತಿತ್ತು, ಮೇಲೆ ಇಂಗು ತುಪ್ಪದ ಒಗ್ಗರಣೆ ಬಿದ್ದಿತ್ತು. ಬಿಸಿ ಅಡುಗೆಯಿಂದ ವಾಸನೆ ಹೆಚ್ಚು ಏಳುತ್ತದೆ. ಆರಿದ ಅಡುಗೆ ಅಷ್ಟು ಕಾಡುವುದಿಲ್ಲ. ಮರುದಿನ ಅವರು ಅದೇ ಸಾರನ್ನು ಒಗ್ಗರಣೆಯಿಲ್ಲದೆ ತಣಿಸಿ, ಲೋಟದಲ್ಲಿ ಅರ್ಧ ಹಾಕಿ ಕೊಟ್ಟರು. ಕುಡಿದಳು. ಅರ್ಧ ಗಂಟೆಯಾದರೂ ಅದು ಹೊಟ್ಟೆಯಲ್ಲೇ ಇತ್ತು. ಆ ವಾರದ ಮಟ್ಟಿಗೆ ಅದೇ ದೊಡ್ಡ ಸುದ್ದಿ.

ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಬಸಿರಿನ ಮೊದಲ ಪರೀಕ್ಷೆ ಮೆಡಿಕಲ್ ಶಾಪಿನ ಕಡ್ಡಿಯಲ್ಲ, ಕಾಫಿ ಲೋಟ. ದಿನಾ ಎದ್ದ ಕೂಡಲೇ ಕಾಫಿಗೆ ಕೈಚಾಚುವವಳು ‘ಇವತ್ತು ಬೇಡಮ್ಮ’ ಅಂದರೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಡಿಕಾಕ್ಷನ್ ವಾಸನೆ, ಕುದಿಯುವ ಅನ್ನದ ವಾಸನೆ, ಫ್ರಿಜ್ಜಿನ ಬಾಗಿಲು ತೆರೆದಾಗ ಬರುವ ವಾಸನೆ, ಊದಿನಕಡ್ಡಿ, ಒಮ್ಮೊಮ್ಮೆ ದೇವರ ಮುಂದಿನ ಸಂಪಿಗೆ ಹೂವು ಕೂಡ. ಇವೆಲ್ಲ ಆ ದಿನಗಳಲ್ಲಿ ಶತ್ರುಗಳಾಗುತ್ತವೆ. ಹಾಗಾಗಿ ನನ್ನ ಮೊದಲ ಔಷಧಿ ಗಂಡನಿಗೆ: ಮೂರು ತಿಂಗಳು ಅಡುಗೆಮನೆಯ ಒಲೆ ಮತ್ತು ಹಸಿ ಕಸದ ಬಕೆಟ್ ಎರಡೂ ನಿನ್ನ ಪಾಲಿಗೆ. ಕಸದ ಆಟೊ ಬರುವ ಹೊತ್ತಿಗೆ ಬಕೆಟ್ ಕೆಳಗಿಳಿಸುವುದು ಶುಂಠಿ ಕಷಾಯಕ್ಕಿಂತ ಕಡಿಮೆ ಉಪಕಾರವಲ್ಲ.

ಇದೆಲ್ಲ ಯಾಕೆ ಆಗುತ್ತದೆ? ಬಸುರಿಯರಲ್ಲಿ ನೂರಕ್ಕೆ 70ರಿಂದ 80 ಮಂದಿಗೆ ವಾಕರಿಕೆ, ವಾಂತಿ ಕಾಡುತ್ತದೆ. ಸಾಮಾನ್ಯವಾಗಿ ಆರನೇ ವಾರದ ಆಸುಪಾಸಿನಲ್ಲಿ ಶುರುವಾಗಿ, ಒಂಬತ್ತನೇ ವಾರಕ್ಕೆ ಏರಿ, ಹದಿನಾಲ್ಕು ಹದಿನಾರು ವಾರಕ್ಕೆ ಇಳಿಯುತ್ತದೆ. ಕೆಲವರಿಗೆ ಇಪ್ಪತ್ತು ವಾರದವರೆಗೂ ಎಳೆಯುವುದುಂಟು. ಬೆಳಗಿನ ಹೊತ್ತಿನ ಕಾಯಿಲೆ ಅಂತ ಹೆಸರು, ಸಂಜೆಗೇ ಜಾಸ್ತಿಯಾಗುವವರೂ ಎಷ್ಟೋ ಮಂದಿ. ಹಾರ್ಮೋನಿನ ಏರುಪೇರು ಎಂದಷ್ಟೇ ಹೇಳಿ ನಾವು ಬಹಳ ವರ್ಷ ಕೈತೊಳೆದುಕೊಂಡೆವು. ‘ಎಲ್ಲ ಮನಸ್ಸಿನದು’ ಅಂದ ಪುಣ್ಯಾತ್ಮರೂ ಇದ್ದರು.

ಅಮೆರಿಕದ ಮರ್ಲೀನಾ ಫೆಜೋ ಎಂಬ ವಿಜ್ಞಾನಿಗೆ 1999ರಲ್ಲಿ ಬಸಿರಿನ ವಾಂತಿ ಎಷ್ಟು ವಿಪರೀತಕ್ಕೆ ಹೋಯಿತೆಂದರೆ ಮಗುವನ್ನೇ ಕಳೆದುಕೊಂಡರು. ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಅಲ್ಲಿಂದ ಮುಂದೆ ಫೆಜೋ ಈ ವಾಂತಿಯ ಕಾರಣದ ಬೆನ್ನುಹತ್ತಿದರು. ಕೇಂಬ್ರಿಜ್‌ನ ಸ್ಟೀಫನ್ ಒ’ರಾಹಿಲಿ ಮೊದಲಾದವರ ಜೊತೆ 2023ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಬೆರಳು ತೋರಿದ್ದು ಜಿಡಿಎಫ್15 ಎಂಬ ಹಾರ್ಮೋನಿನ ಕಡೆಗೆ. ಮಾಸುಚೀಲದಿಂದ ಹೊರಟು ತಾಯಿಯ ರಕ್ತ ಸೇರುವ ಇದು ಮಿದುಳಿನಲ್ಲಿ ವಾಂತಿಗೆ ಸಂಬಂಧಿಸಿದ ಭಾಗವನ್ನು ತಟ್ಟುತ್ತದೆ. ಬಸಿರಿಗೆ ಮೊದಲು ಯಾರ ರಕ್ತದಲ್ಲಿ ಇದು ಕಡಿಮೆ ಇತ್ತೋ ಅವರಿಗೆ ಹೊಡೆತ ಜೋರು. ಮೊದಲಿಂದಲೂ ಹೆಚ್ಚಿದ್ದವರಿಗೆ, ಉದಾಹರಣೆಗೆ ಬೀಟಾ ಥಲಸೀಮಿಯಾ ಇರುವವರಿಗೆ, ವಾಕರಿಕೆ ಕಡಿಮೆ. ಆಂಧ್ರದ ಊಟಕ್ಕೆ ಒಗ್ಗಿದ ನಾಲಿಗೆಗೆ ನಮ್ಮ ಹುಳಿ ಖಾರವೆನಿಸದ ಹಾಗೆ. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ‘ನಾವೂ ಹೆತ್ತಿಲ್ವಾ, ನಮಗೆ ಹಿಂಗೆಲ್ಲ ಆಗಿತ್ತಾ’ ಅನ್ನುವ ಹಿರಿಯರಿಗೆ ತೋರಿಸಲು ಸೊಸೆಯ ಕೈಯಲ್ಲಿ ಒಂದು ಕಾಗದವಾದರೂ ಇರಲಿ.

ಇನ್ನು ಖಾಲಿ ಹೊಟ್ಟೆಯ ವಿಚಾರ. ರಾತ್ರಿ ಎಂಟಕ್ಕೆ ಒಂದು ಹಿಡಿ ಅನ್ನ ತಿಂದು, ಬೆಳಗ್ಗೆ ಏಳಕ್ಕೆ ಎದ್ದರೆ ಹನ್ನೊಂದು ಗಂಟೆ ಉಪವಾಸ. ಎದ್ದು ಹಲ್ಲುಜ್ಜಲು ಬ್ರಷ್ ಬಾಯಿಗಿಟ್ಟ ತಕ್ಷಣ ಹಳದಿ ಪಿತ್ತ. ಇದಕ್ಕೆ ನಾನು ಹೇಳುವುದು ಹಾಸಿಗೆಯ ಪಕ್ಕದ ಡಬ್ಬಿ. ಅದರಲ್ಲಿ ಹುರಿಗಡಲೆ, ಕಡಲೆಪುರಿ, ಇಲ್ಲದಿದ್ದರೆ ಅಯ್ಯಂಗಾರ್ ಬೇಕರಿಯ ರಸ್ಕು. ಎಚ್ಚರವಾದಾಗ ತಲೆದಿಂಬಿನಿಂದ ತಲೆ ಎತ್ತದೆ ಒಂದಿಷ್ಟು ಬಾಯಿಗೆ ಹಾಕಿಕೊಂಡು ನಿಧಾನ ಅಗಿಯಬೇಕು. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಮಲಗೇ ಇರಬೇಕು, ಆಮೇಲೆ ಮೆಲ್ಲಗೆ ಏಳಬೇಕು. ನಡುರಾತ್ರಿ ಎಚ್ಚರವಾದರೂ ಕೈ ಡಬ್ಬಿಗೆ ಹೋಗಲಿ. ‘ಹಲ್ಲುಜ್ಜದೆ ತಿನ್ನೋದಾ?’ ಎಂದು ಹುಬ್ಬೇರಿಸುವವರಿದ್ದಾರೆ. ಮಡಿ ಮನೆಗಳಲ್ಲಿ ಸ್ನಾನವಾಗದೆ ಬಾಯಿಗೆ ಏನೂ ಹಾಕುವಂತಿಲ್ಲ. ಮೂರು ತಿಂಗಳ ಮಟ್ಟಿಗೆ ಆ ನಿಯಮಕ್ಕೆ ರಜೆ ಕೊಡಿ. ಡಬ್ಬಿ ಪ್ಲಾಸ್ಟಿಕ್ಕಿನದಿರಲಿ. ಸ್ಟೀಲ್ ಡಬ್ಬಿಯ ಮುಚ್ಚಳ ಬೆಳಗಿನ ಜಾವ ಐದಕ್ಕೆ ನೆಲಕ್ಕೆ ಬಿದ್ದರೆ ಏಳುವುದು ಅವಳೊಬ್ಬಳೇ ಅಲ್ಲ, ಕೆಳಗಿನ ಮನೆಯವರೂ.

ಹುರಿಗಡಲೆ ಎಂದೇ ಹೇಳಿದ್ದಕ್ಕೂ ಕಾರಣವುಂಟು. ಬಿಸ್ಕತ್ತು, ಬ್ರೆಡ್ಡಿನಂಥ ಬರೀ ಪಿಷ್ಟಕ್ಕಿಂತ ಪ್ರೋಟೀನ್ ಹೆಚ್ಚಿರುವ ತಿನಿಸಿನಿಂದ ವಾಕರಿಕೆ ಹೆಚ್ಚು ಹೊತ್ತು ಅಡಗಿರುತ್ತದೆ ಎಂದು 1990ರ ದಶಕದ ಕೊನೆಯಲ್ಲಿ ನಡೆದ ಒಂದು ಸಣ್ಣ ಅಧ್ಯಯನ ತೋರಿಸಿತ್ತು. ನಮ್ಮಲ್ಲಿ ಅದಕ್ಕೆ ಹುಡುಕಾಡಬೇಕಿಲ್ಲ. ಹುರಿಗಡಲೆ, ಹುರಿದ ಕಡಲೆಬೀಜ, ಹೆಸರುಬೇಳೆ ಕೋಸಂಬರಿ, ಗಟ್ಟಿ ಮೊಸರು. ಎಣ್ಣೆಯಲ್ಲಿ ಕರಿದದ್ದು ಮಾತ್ರ ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತದೆ, ಆದ್ದರಿಂದ ನಿಪ್ಪಟ್ಟು, ಕೋಡುಬಳೆ ಸದ್ಯಕ್ಕೆ ಬೇಡ. ಹಾಗಂತ ಅವಳಿಗೆ ಸೇರುವುದು ಕೋಡುಬಳೆ ಒಂದೇ ಅಂತಾದರೆ ನನ್ನ ಮಾತು ಬಿಡಿ, ಕೋಡುಬಳೆ ಕೊಡಿ.

ಎರಡು ಗಂಟೆಗೊಮ್ಮೆ ಚೂರುಚೂರು ತಿನ್ನುವುದೇ ಇಲ್ಲಿನ ಗುಟ್ಟು. ಒಂದು ಬಟ್ಟಲು ಮೊಸರವಲಕ್ಕಿ, ಅರ್ಧ ಇಡ್ಲಿ, ಎರಡು ತುತ್ತು ತಣ್ಣಗಿನ ಮೊಸರನ್ನ. ‘ತಣ್ಣಗಿರೋದು ತಂಗಳು’ ಎಂಬ ಆಕ್ಷೇಪ ಬರುತ್ತದೆ. ಬೆಳಗ್ಗೆ ಕಲಸಿ ಫ್ರಿಜ್ಜಿನಲ್ಲಿಟ್ಟು ಮಧ್ಯಾಹ್ನ ತಿಂದ ಮೊಸರನ್ನ ತಂಗಳಲ್ಲ. ಇಡೀ ದಿನ ಹೊರಗಿಟ್ಟದ್ದು, ರಸ್ತೆ ಬದಿಯಲ್ಲಿ ಕೊಯ್ದಿಟ್ಟ ಹಣ್ಣು, ಇವನ್ನು ಬಿಡಬೇಕು. ಊಟದ ಜೊತೆಗೇ ಲೋಟಗಟ್ಟಲೆ ನೀರು ಕುಡಿದರೆ ಹೊಟ್ಟೆ ಉಬ್ಬಿ ಎಲ್ಲ ಹೊರಬರುತ್ತದೆ. ನೀರು ನಡುನಡುವೆ, ಗುಟುಕು ಗುಟುಕಾಗಿ. ಬರೀ ನೀರೇ ಸೇರದವರು ಬಹಳ ಮಂದಿ, ಬಾಯಲ್ಲಿ ಲೋಹದ ರುಚಿ ಬರುತ್ತದೆ ಅನ್ನುತ್ತಾರೆ. ಅವರಿಗೆ ಎಳನೀರು, ನೀರು ಮಜ್ಜಿಗೆ, ಉಪ್ಪು ಬೆಲ್ಲ ಹಾಕಿದ ನಿಂಬೆ ಪಾನಕ. ಅದೂ ಆಗದಿದ್ದರೆ ಪಾನಕವನ್ನೇ ಐಸ್ ಟ್ರೇಗೆ ಸುರಿದು ಗಟ್ಟಿ ಮಾಡಿ ಚೀಪಲು ಕೊಡಿ.

ಶುಂಠಿಗೆ ಬರೋಣ, ಕಾಯುತ್ತಿದ್ದೀರಿ. ಈ ವಿಷಯದಲ್ಲಿ ಸರಿಯಾಗಿ ಪರೀಕ್ಷೆಗೆ ಒಳಗಾದ ಅಡುಗೆಮನೆಯ ಪದಾರ್ಥವೆಂದರೆ ಇದೊಂದೇ ಅನ್ನಬಹುದು. ದಿನಕ್ಕೆ ಸುಮಾರು ಒಂದು ಗ್ರಾಂ ಒಣಶುಂಠಿ ಪುಡಿಯನ್ನು ಮೂರು ನಾಲ್ಕು ಸಲಕ್ಕೆ ಹಂಚಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ವಾಕರಿಕೆ ತಗ್ಗಿದೆ. ವಾಂತಿಯ ಸಂಖ್ಯೆ ಅಷ್ಟು ಖಚಿತವಾಗಿ ಇಳಿದಿಲ್ಲ. ಅಂದರೆ ತೊಳಸುವುದು ಕಡಿಮೆಯಾದೀತು, ವಾಂತಿ ನಿಂತೀತೆಂಬ ಭರವಸೆ ಬೇಡ. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಅರ್ಧ ಟೀ ಚಮಚ, ಅಷ್ಟೇ. ‘ಶುಂಠಿ ಉಷ್ಣ, ಗರ್ಭಕ್ಕೆ ಆಗಲ್ಲ’ ಎಂಬ ಹೆದರಿಕೆಗೆ ಈ ಪ್ರಮಾಣದಲ್ಲಿ ಆಧಾರ ಕಂಡುಬಂದಿಲ್ಲ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳಿಯೇ ಮುಟ್ಟಬೇಕು. ಕೆಲವರಿಗೆ ಎದೆಯುರಿಯೂ ಬರುತ್ತದೆ.

ಕೊಡುವ ಬಗೆಯಲ್ಲಿ ನಾವು ಎಡವುತ್ತೇವೆ. ಕುದಿಕುದಿ ಶುಂಠಿ ಕಷಾಯದ ಹಬೆ ಮೂಗಿಗೆ ಬಡಿದರೆ ಔಷಧಿಯೇ ವಾಂತಿ ತರಿಸುತ್ತದೆ. ಎಳೆಯ ಹಸಿಶುಂಠಿಯನ್ನು ಸಿಪ್ಪೆ ಹೆರೆದು, ಬೆಂಕಿಕಡ್ಡಿಯಷ್ಟು ಸಣ್ಣಗೆ ಸೀಳಿ, ಉಪ್ಪು ಹಾಕಿ ನಿಂಬೆರಸದಲ್ಲಿ ಮುಳುಗಿಸಿಡಿ. ಸಂಜೆಯ ಹೊತ್ತಿಗೆ ನಸುಗೆಂಪಾಗುತ್ತದೆ. ಒಂದೆರಡು ಎಳೆ ಬಾಯಲ್ಲಿಟ್ಟು ಚೀಪಲಿ. ಮಲೆನಾಡಿನ ಕಡೆಯವರಿದ್ದರೆ ಶುಂಠಿ ತಂಬುಳಿ ಹೇಳಿಕೊಡಬೇಕಿಲ್ಲ: ಸಣ್ಣ ತುಂಡು ಶುಂಠಿ, ಜೀರಿಗೆ, ತೆಂಗಿನ ತುರಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಒಲೆ ಹಚ್ಚಬೇಕಿಲ್ಲ, ಒಗ್ಗರಣೆ ಹಾಕುವ ಚಟ ಒಂದನ್ನು ಹತ್ತಿಕ್ಕಬೇಕು. ಗಾಂಧಿ ಬಜಾರಿನಲ್ಲಿ ಸಿಗುವ ಮಾವಿನಶುಂಠಿ ಬೇರೆ ಗಿಡ, ಅದು ಅರಿಶಿನದ ನೆಂಟ. ನಿಂಬೆರಸದಲ್ಲಿ ಹಾಕಿದರೆ ಬಾಯಿಗೆ ಹಿತ, ಅಷ್ಟು ಸಾಕು. ಶುಂಠಿಯ ಪ್ರಯೋಗಗಳ ಫಲವನ್ನು ಅದರ ಖಾತೆಗೆ ಬರೆಯಬೇಡಿ.

ಹುಳಿ ಬಯಸುವುದು ಗೊತ್ತಿದ್ದದ್ದೇ. ಮಾವಿನಕಾಯಿ ಹೋಳು, ಉಪ್ಪು ಸವರಿದ ನೆಲ್ಲಿಕಾಯಿ, ಹೇರಳೆಕಾಯಿ ಗೊಜ್ಜು, ಹುಣಸೆಹಣ್ಣಿನ ಉಂಡೆ. ಇವುಗಳಿಗೆ ದೊಡ್ಡ ಪುರಾವೆಯಿಲ್ಲ. ಇರಾನಿನಲ್ಲಿ ನಿಂಬೆಯ ಪರಿಮಳ ಮೂಸಿಸಿ ನೋಡಿದ ಚಿಕ್ಕ ಪ್ರಯೋಗವೊಂದರಲ್ಲಿ ಸ್ವಲ್ಪ ಅನುಕೂಲ ಕಂಡಿತ್ತು. ಬಸ್ಸು, ಮೆಟ್ರೊದಲ್ಲಿ ಓಡಾಡುವ ಹುಡುಗಿಯರು ಒಂದು ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಕರ್ಚೀಫಿನಲ್ಲಿ ಇಟ್ಟುಕೊಳ್ಳಲಿ. ಹಲ್ಲಿನ ಕಾಳಜಿ ಒಂದಿದೆ. ವಾಂತಿಯಾದ ತಕ್ಷಣ ಬ್ರಷ್ ಮಾಡಿದರೆ ಆಮ್ಲದಿಂದ ಮೆತ್ತಗಾದ ಹಲ್ಲಿನ ಹೊದಿಕೆ ಸವೆಯುತ್ತದೆ. ಚಿಟಿಕೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಬೇಕು. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಅದು ಬರೀ ಬಯಕೆಯಲ್ಲ, ಕಬ್ಬಿಣಾಂಶದ ಕೊರತೆ ಇರಬಹುದು. ನಾಚಿಕೆಪಡದೆ ಡಾಕ್ಟರಿಗೆ ಹೇಳಬೇಕು.

ಹಿರಿಯರ ದೊಡ್ಡ ಆತಂಕ ಮಗುವಿನದು. ಇವಳು ಹೀಗೆ ಕಡಲೆಪುರಿ ತಿಂದುಕೊಂಡಿದ್ದರೆ ಅದು ಬೆಳೆಯುವುದು ಹೇಗೆ? ಎಂಟನೇ ವಾರದಲ್ಲಿ ಭ್ರೂಣದ ಉದ್ದ ಸುಮಾರು 16 ಮಿಲಿಮೀಟರ್, ತೂಕ ಒಂದು ಗ್ರಾಂ ಆಸುಪಾಸು. ಅದಕ್ಕೆ ಬೇಕಾದ್ದು ತಾಯಿಯ ಮೈಯಲ್ಲಿ ಇರುವುದರಿಂದಲೇ ಸಿಗುತ್ತದೆ. ತುಪ್ಪ, ಬಾದಾಮಿ ಹಾಲು, ‘ಇಬ್ಬರಿಗಾಗುವಷ್ಟು’ ಊಟ ಇವೆಲ್ಲ ಮುಂದೆ ನೋಡೋಣ. ಈಗ ಬಿಡಬಾರದ ಒಂದೇ ಮಾತ್ರೆ ಫೋಲಿಕ್ ಆಸಿಡ್. ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ತೊಳಸುವುದು ಹೆಚ್ಚಾಗುತ್ತದೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲೂ ಅದು ಶುರುವಾಗುವುದು ನಾಲ್ಕನೇ ತಿಂಗಳಿನಿಂದ. ಮೊದಲೇ ಬರೆದುಕೊಟ್ಟಿದ್ದರೆ ಸ್ವಲ್ಪ ದಿನ ತಡೆಯಬಹುದೇ ಎಂದು ಬರೆದುಕೊಟ್ಟವರನ್ನೇ ಕೇಳಿ.

ಬಾಳೆಹಣ್ಣಿನಲ್ಲಿ ಬಿ6 ಇದೆ, ಅದರಿಂದ ವಾಂತಿ ನಿಲ್ಲುತ್ತದೆ ಎಂಬ ಸಂದೇಶ ಫೋನುಗಳಲ್ಲಿ ಸುತ್ತುತ್ತಿದೆ. ಬಿ6 ವಿಟಮಿನ್ ವಾಕರಿಕೆ ತಗ್ಗಿಸುವುದು ನಿಜ. ವೈದ್ಯರು ಕೊಡುವ ಪ್ರಮಾಣ ಒಂದು ಹೊತ್ತಿಗೆ 10ರಿಂದ 25 ಮಿಲಿಗ್ರಾಂ, ದಿನಕ್ಕೆ ಮೂರು ನಾಲ್ಕು ಸಲ. ಒಂದು ಬಾಳೆಹಣ್ಣಿನಲ್ಲಿರುವುದು 0.4 ಮಿಲಿಗ್ರಾಂ. ಒಂದು ಹೊತ್ತಿನ ಔಷಧಿಗೆ ಇಪ್ಪತ್ತೈದು ಬಾಳೆಹಣ್ಣು! ಬಾಳೆಹಣ್ಣು ಸೇರಿದರೆ ತಿನ್ನಲಿ, ಔಷಧಿ ಬೇಕಾದಾಗ ಮಾತ್ರೆಯನ್ನೇ ನುಂಗಲಿ.

ಮಾತ್ರೆ ಎಂದ ಕೂಡಲೇ ಮನೆಯವರು ಹಿಂಜರಿಯುತ್ತಾರೆ. ಆ ಭಯ ಸುಳ್ಳಿನಿಂದ ಹುಟ್ಟಿದ್ದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಮಾತ್ರೆಯನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. 1961ರ ಕೊನೆಗೆ ಹಿಂದೆಗೆಯುವಷ್ಟರಲ್ಲಿ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದರು. ಅದರ ನೆರಳು ನಿರಪರಾಧಿ ಔಷಧಿಯ ಮೇಲೂ ಬಿತ್ತು. ಡಾಕ್ಸಿಲಮೀನ್ ಮತ್ತು ಬಿ6 ಸೇರಿದ ಬೆಂಡೆಕ್ಟಿನ್ ಎಂಬ ಮಾತ್ರೆಯನ್ನು ಅಮೆರಿಕದಲ್ಲಿ ಮೊಕದ್ದಮೆಗಳ ಕಾಟ ತಾಳಲಾರದೆ ಕಂಪನಿಯೇ 1983ರಲ್ಲಿ ನಿಲ್ಲಿಸಿತು. ಮಕ್ಕಳಿಗೆ ಅದರಿಂದ ಹಾನಿಯೆಂಬುದು ಸಾಬೀತಾಗಲೇ ಇಲ್ಲ. 2013ರಲ್ಲಿ ಅಲ್ಲಿನ ಎಫ್‌ಡಿಎ ಅದೇ ಜೋಡಿಗೆ ಹೊಸ ಹೆಸರಿನಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ವೈದ್ಯರೂ ಅದನ್ನು ಬರೆದುಕೊಡುತ್ತಾರೆ. ನಿದ್ದೆ ಬರಿಸುತ್ತದೆ, ಅದಕ್ಕೇ ರಾತ್ರಿ ಮಲಗುವಾಗ. ತಿಂಡಿಯ ಉಪಾಯಗಳು ಫಲಿಸದಿದ್ದರೆ ವೀರವನಿತೆಯಂತೆ ಸಹಿಸಿಕೊಂಡಿರುವುದಕ್ಕೆ ನನ್ನ ಮೆಚ್ಚುಗೆಯಿಲ್ಲ.

ಕೆಲಸಕ್ಕೆ ಹೋಗುವ ಹುಡುಗಿಯರು ಈ ಮೂರು ತಿಂಗಳು ಗುಟ್ಟಾಗಿ ಒದ್ದಾಡುತ್ತಾರೆ. ಮೂರು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬ ಕಟ್ಟಳೆ ಮನೆಯದು, ಪದೇಪದೇ ಎದ್ದು ಹೋಗುತ್ತಾಳೆ ಎಂಬ ಗೊಣಗು ಆಫೀಸಿನದು. ಬಸಿರಿನಿಂದಲೇ ಬಂದ ಕಾಯಿಲೆಗೆ, ವೈದ್ಯರ ಪತ್ರವಿದ್ದರೆ, ಹೆರಿಗೆ ರಜೆಯ ಮೇಲೆ ಒಂದು ತಿಂಗಳವರೆಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನಿನಲ್ಲೇ ಬರೆದಿದ್ದಾರೆ. ಗೊತ್ತಿರುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ.

ಎಲ್ಲಿಯವರೆಗೆ ಮನೆಮದ್ದು, ಎಲ್ಲಿಂದ ಆಸ್ಪತ್ರೆ ಎಂಬುದರಲ್ಲಿ ಮಾತ್ರ ಗೊಂದಲ ಬೇಡ. ಇಡೀ ದಿನ ಒಂದು ಗುಟುಕು ನೀರೂ ನಿಲ್ಲದಿದ್ದರೆ, ಎಂಟು ಗಂಟೆಯಾದರೂ ಮೂತ್ರ ಹೋಗದಿದ್ದರೆ ಅಥವಾ ಗಾಢ ಬಣ್ಣದಲ್ಲಿ ಹೋದರೆ, ನಿಂತರೆ ತಲೆ ತಿರುಗಿದರೆ, ವಾಂತಿಯಲ್ಲಿ ರಕ್ತ ಕಂಡರೆ, 50 ಕಿಲೋ ಇದ್ದವಳು ಎರಡೂವರೆ ಕಿಲೋ ಇಳಿದಿದ್ದರೆ ತಡಮಾಡಬಾರದು. ಜ್ವರ, ಹೊಟ್ಟೆನೋವು ಜೊತೆಗಿದ್ದರೆ, ಇಲ್ಲವೇ ಒಂಬತ್ತು ವಾರ ಕಳೆದ ಮೇಲೆ ವಾಂತಿ ಹೊಸದಾಗಿ ಶುರುವಾದರೆ ಕಾರಣ ಬೇರೆಯೇ ಇರಬಹುದು. ನಮ್ಮವರಿಗೆ ಪಕ್ಕದ ಕ್ಲಿನಿಕ್ಕಿನಲ್ಲಿ ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಬಿಡೋದು’ ರೂಢಿ. ವಾರಗಟ್ಟಲೆ ವಾಂತಿ ಮಾಡಿಕೊಂಡು ಬಿ1 ಬರಿದಾದ ಮೈಗೆ ಏಕಾಏಕಿ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗುವ ಅಪಾಯವಿದೆ. ಆದ್ದರಿಂದ ತಿಳಿದ ವೈದ್ಯರು ಮೊದಲು ಥಯಮಿನ್ ಕೊಡುತ್ತಾರೆ. ಎಷ್ಟು ದಿನದಿಂದ ಏನೂ ನಿಂತಿಲ್ಲ ಎಂಬುದನ್ನು ಕ್ಲಿನಿಕ್ಕಿನಲ್ಲಿ ಮುಚ್ಚಿಡದೆ ಹೇಳಬೇಕು.

ನಮ್ಮ ಕಡೆಯವರಿಗೆ ಮಲ್ಲೇಶ್ವರ ಐದನೇ ಕ್ರಾಸಿನ ಕೆ.ಸಿ. ಜನರಲ್ ಆಸ್ಪತ್ರೆ ಹತ್ತಿರ, ಚಾಮರಾಜಪೇಟೆ ಬಸವನಗುಡಿಯವರಿಗೆ 1935ರಿಂದ ಹೆಂಗಸರು ಮಕ್ಕಳಿಗೆಂದೇ ನಡೆದುಬಂದಿರುವ ವಾಣಿವಿಲಾಸ. ಹೊರಡುವಾಗ ತಾಯಿ ಕಾರ್ಡು, ನುಂಗುತ್ತಿರುವ ಮಾತ್ರೆಗಳ ಚೀಟಿ ತೆಗೆದುಕೊಳ್ಳಿ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ, ಆಟೊ ಹಿಡಿಯಿರಿ. ಗಟ್ಟಿ ಕವರ್ ಒಂದು ಅವಳ ಕೈಯಲ್ಲಿರಲಿ, ಇನ್ನೊಂದು ನಿಮ್ಮ ಜೇಬಿನಲ್ಲಿ.